ಅಣ್ಣನ ಕೈ ಯಾಕೆ ನಡುಗಿತು

ಇಪ್ಪತ್ತನಾಲ್ಕು ವರ್ಷದ ಗಂಡಸಿನ ಕೈ ನಡುಗಲು ಎಷ್ಟು ಕಾರಣಗಳಿರಬಹುದು ಎಂದು ಯಾರಾದರೂ ಕೇಳಿದರೆ, ನಮ್ಮೂರಲ್ಲಿ ಮನೆಗೊಂದರಂತೆ ಇದ್ದವು ಎನ್ನಬಲ್ಲೆ. ನಿಜವಾದ ಒಂದನ್ನು ಬಿಟ್ಟು ಉಳಿದವನ್ನೆಲ್ಲ ನಾವು ಶ್ರದ್ಧೆಯಿಂದ ಪರೀಕ್ಷಿಸಿದೆವು. ಆ ನಿಜವಾದ ಕಾರಣವನ್ನು ಬಕೆಟ್ಟಿನಲ್ಲಿ ಕಲಸಿ ಕೊಟ್ಟವನು ನಾನು.

ನಮ್ಮದು ಹೊಳಲ್ಕೆರೆ ತಾಲ್ಲೂಕಿನ, ಬಿ.ದುರ್ಗದ ಕಡೆಯ ಹಳ್ಳಿ. ಕುರಿ ಸಾಕುವ ಮನೆ. ಎಪ್ಪತ್ತರ ದಶಕದ ನಡುವಿನ ಆ ವರ್ಷ ನಾನು ಚಿತ್ರದುರ್ಗದಲ್ಲಿ ರಸಾಯನಶಾಸ್ತ್ರದ ಬಿಎಸ್ಸಿ ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕುತ್ತಾ ಮನೆಯಲ್ಲಿ ಕೂತಿದ್ದೆ. ಅಣ್ಣ ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವನು. ಆದರೆ ಉಣ್ಣೆ ಕತ್ತರಿಸುವುದರಲ್ಲಿ ಅವನನ್ನು ಮೀರಿಸುವವರು ಸುತ್ತಿನ ಹಳ್ಳಿಗಳಲ್ಲಿರಲಿಲ್ಲ. ಕುರಿಯನ್ನು ಕೆಡವಿ, ಕತ್ತರಿಯನ್ನು ಚರ್ಮಕ್ಕೆ ತಾಗಿಯೂ ತಾಗದಂತೆ ಓಡಿಸಿ, ಉಣ್ಣೆಯನ್ನು ಒಂದೇ ಹಚ್ಚಡದ ಹಾಗೆ ಬಿಡಿಸಿ ತೆಗೆಯುತ್ತಿದ್ದ. ಕೈ ಒಂದಿಷ್ಟು ತಪ್ಪಿದರೆ ಕುರಿಯ ಚರ್ಮ ಹರಿಯುತ್ತದೆ, ಗಾಯಕ್ಕೆ ಹುಳ ಬೀಳುತ್ತದೆ, ಆಮೇಲೆ ಯಾರೂ ಅವನ ಮುಂದೆ ಕುರಿ ತಂದು ನಿಲ್ಲಿಸುವುದಿಲ್ಲ. ಅಣ್ಣನಿಗೆ ಆ ಕೈಯೊಂದನ್ನು ಬಿಟ್ಟರೆ ಬೇರೆ ಪದವಿ ಇರಲಿಲ್ಲ.

ಬೇಸಿಗೆಯಲ್ಲಿ ಕುರಿಗಳನ್ನು ಹಿರಿಯೂರಿನ ಕಡೆಯ ಎರೆಹೊಲಗಳಿಗೆ ಹೊಡೆದುಕೊಂಡು ಹೋಗುವುದು ವಾಡಿಕೆ. ಹತ್ತಿ ಬಿಡಿಸಿ ಮುಗಿದ ಹೊಲದಲ್ಲಿ ಮಂದೆ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ನಮಗೆ ಜೋಳ. ಆ ಸಲ ರೈತನೊಬ್ಬ ಅಪ್ಪನಿಗೆ ಜೋಳದ ಜೊತೆ ಅರ್ಧ ಉಳಿದಿದ್ದ ಒಂದು ಡಬ್ಬಿಯನ್ನೂ ಪ್ರೀತಿಯಿಂದ ಕೊಟ್ಟ. ಹತ್ತಿಯ ಹುಳಕ್ಕೆ ಹೊಡೆಯುವ ಔಷಧಿ.

"ತಗಂಡ್ ಹೋಗ್ರಿ ಗೌಡ್ರೇ, ನಿಮ್ ಕುರಿ ಉಣ್ಣಿಗೂ ಹಾಕ್ರಿ. ಒಂದೂ ಉಳಿಯಲ್ಲ."

ಒಂದೂ ಉಳಿಯುವುದಿಲ್ಲ ಎಂದು ಅವನು ಹೇಳಿದ್ದು ಉಣ್ಣಿಗಳ ಬಗ್ಗೆಯೇ.

ಡಬ್ಬಿ ಊರಿಗೆ ಬಂತು. ಅಪ್ಪ ಅದನ್ನು ನನ್ನ ಮುಂದಿಟ್ಟು, "ಓದಪ್ಪ, ನಿನ್ ಓದು ಒಂದಿನನಾದ್ರೂ ಕುರಿಗೆ ಬರ್ಲಿ" ಎಂದ. ನಾನು ಓದಿದೆ. ಎಕರೆ ಹತ್ತಿಗೆ ಎಷ್ಟು ನೀರು, ಎಷ್ಟು ಔಷಧಿ ಎಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಕುರಿಗೆ ಎಷ್ಟು ಎಂದು ಬರೆದಿರಲಿಲ್ಲ. ಇಂಥ ಕಡೆಯಲ್ಲೇ ಅಲ್ಲವೇ ವಿದ್ಯೆ ಬೇಕಾಗುವುದು? ಉಣ್ಣೆ ಹತ್ತಿಯ ಎಲೆಗಿಂತ ದಪ್ಪ, ಆದ್ದರಿಂದ ಔಷಧಿಯೂ ಅಷ್ಟೇ ಗಟ್ಟಿಯಿರಬೇಕು ಎಂದು ಒಂದು ಸಿದ್ಧಾಂತ ಮಾಡಿ, ಕಾಗದದ ಮೇಲೆ ತ್ರೈರಾಶಿ ಹಾಕಿ, ಬಕೆಟ್ಟಿನಲ್ಲಿ ಕೋಲಿನಿಂದ ಕಲಸಿದೆ. ಮೈಗೆ ತಾಗಿಸಬಾರದು, ಕೆಲಸವಾದ ಮೇಲೆ ಸೋಪು ಹಾಕಿ ತೊಳೆಯಬೇಕು, ತೊಟ್ಟ ಬಟ್ಟೆ ಒಗೆಯಬೇಕು ಎಂದೂ ಇತ್ತು. ಅಣ್ಣನಿಗೆ ಅದನ್ನೂ ಹೇಳಿದೆ. ಅವನು ಕೈ ತೊಳೆದ. ಅಂಗಿ, ಚಡ್ಡಿ ಒಗೆಯಲು ಹಾಕಿದ.

ಕಂಬಳಿಯನ್ನು ಒಗೆಯಲಿಲ್ಲ. ಕುರಿಯನ್ನು ಮೊಣಕಾಲಿನ ನಡುವೆ ಹಿಡಿದು ಬಟ್ಟೆಯ ಉಂಡೆಯಿಂದ ಔಷಧಿ ತಿಕ್ಕುವಾಗ, ತೊಡೆ ನೆನೆಯದಿರಲೆಂದು ಅವನು ಹಾಸಿಕೊಂಡಿದ್ದು ತನ್ನ ಕರಿ ಕಂಬಳಿಯನ್ನೇ. ನೂರಕ್ಕೆ ಹತ್ತಿರ ಕುರಿ. ಸುರಿದದ್ದೆಲ್ಲ ಅದು ಕುಡಿಯಿತು. ಆದರೆ ನಮ್ಮಲ್ಲಿ ಕಂಬಳಿ ಬಟ್ಟೆಯ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಮೈಲಿಗೆಯಿಲ್ಲ. ದೇವರನ್ನು ಅದರ ಮೇಲೆ ಕೂರಿಸುತ್ತೇವೆ, ಮದುವೆಯ ಹಸೆಯೂ ಅದರ ಮೇಲೆಯೇ. ಒಗೆಯುವುದೆಂದರೆ ಅದರ ಮೇಲೆ ಅನುಮಾನಪಟ್ಟ ಹಾಗೆ. ಬಿಸಿಲಿಗೆ ಹಾಕಿದ, ಒಣಗಿತು, ಹೊದ್ದುಕೊಂಡ. ನಾನು ನೋಡುತ್ತಲೇ ಇದ್ದೆ. ರಸಾಯನಶಾಸ್ತ್ರ ನನ್ನ ತಲೆಯ ಒಂದು ಕೋಣೆಯಲ್ಲಿತ್ತು, ಕಂಬಳಿ ಇನ್ನೊಂದರಲ್ಲಿ. ನಡುವೆ ಬಾಗಿಲಿರಲಿಲ್ಲ.

ಉಣ್ಣಿ ಸತ್ತವು. ಎರಡು ಮರಿಗಳೂ ಸತ್ತವು. ಮರಿಗಳು ಸಾಯುತ್ತಲೇ ಇರುತ್ತವೆ ಎಂದು ಯಾರೂ ಅದನ್ನು ಚರ್ಚಿಸಲಿಲ್ಲ. ಹತ್ತು ದಿನಕ್ಕೆ ಅಣ್ಣನ ಕೈಯ ಟೀ ಲೋಟ ಅಲ್ಲಾಡಲು ಶುರುವಾಯಿತು. ಬೆಳಿಗ್ಗೆ ಕಂಬಳಿಯಿಂದ ಎದ್ದಾಗ ಜಾಸ್ತಿ, ಮಧ್ಯಾಹ್ನಕ್ಕೆ ಕಡಿಮೆ. ತಲೆನೋವು, ಬೆವರು. ಕುರಿಯ ಕಿವಿಯ ಹತ್ತಿರ ಉಣ್ಣೆ ಸವರಲು ಹೋಗಿ ಕಿವಿಯ ತುದಿಯನ್ನೇ ಕತ್ತರಿಸಿದ. ಕತ್ತರಿಯನ್ನು ಕೆಳಗಿಟ್ಟು, ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ.

ಆಗ ಕಾರಣಗಳ ಜಾತ್ರೆ ಶುರುವಾಯಿತು. ಟೀ ಎಂದ ಅಪ್ಪ, ಟೀ ಬಿಡಿಸಿದರು. ಬೀಡಿ ಎಂದ ಪಕ್ಕದ ಮನೆಯವನು, ಅಣ್ಣನಿಂದಲೇ ಬೀಡಿ ಇಸಕೊಂಡು ಸೇದುತ್ತಾ. ನಮ್ಮಜ್ಜಿಗೆ ಕೈ ನಡುಗುತ್ತಿತ್ತು, ವಂಶದ್ದು ಎಂದಳು ಅತ್ತೆ. ಅಜ್ಜಿಗೆ ನಡುಗಿದ್ದು ಎಂಬತ್ತರ ಮೇಲೆ ಎಂದು ಯಾರೋ ನೆನಪಿಸಿದ್ದಕ್ಕೆ, "ಇವ್ನು ಎಲ್ಲದ್ರಾಗೂ ಮುಂದು" ಎಂದಳು. ಸೋದರಮಾವನದು ಬೇರೆಯೇ ಶಾಸ್ತ್ರ.

"ಲೇ, ಇದು ಹುಡ್ಗಿ ಕಾಯಿಲೆ ಕಣ್ಲೇ. ಯಾರು ಹೇಳ್ಬಿಡು, ಹೋಗಿ ಕೇಳ್ಕಂಡು ಬರಾಣ."

"ಯಾರೂ ಇಲ್ಲ ಮಾವ."

"ಇಲ್ದಿದ್ದಕ್ಕೇ ನಡುಗ್ತೈತೆ ಹಂಗಾದ್ರೆ. ಒಬ್ಬಳನ್ನ ನೋಡಾಣ."

ಹೊಳಲ್ಕೆರೆಯ ವೈದ್ಯರೊಬ್ಬರು ಕತ್ತು ಹಿಸುಕಿ ಗಂಟಲ ಗ್ರಂಥಿ ನೋಡಿದರು, ನಾಲಿಗೆ ಚಾಚಿಸಿದರು, ಕುಡಿಯುತ್ತೀಯಾ ಎಂದು ಮೂರು ಸಲ ಕೇಳಿದರು, ಕೊನೆಗೆ ನರದ ನಿಶ್ಶಕ್ತಿ ಎಂದು ಕೆಂಪು ಟಾನಿಕ್ ಬರೆದರು. ನಾನೂ ಸುಮ್ಮನಿರಲಿಲ್ಲ. ನಿರುದ್ಯೋಗಿ ಪದವೀಧರನಿಗೆ ಅಭಿಪ್ರಾಯವೇ ಉದ್ಯೋಗ. ಎಲ್ಲಾ ಮನಸ್ಸಿನದು, ಹೆದರಿಕೆ ಬಿಟ್ಟರೆ ಸರಿಹೋಗುತ್ತದೆ ಎಂದು ಅಣ್ಣನಿಗೆ ಉಪನ್ಯಾಸ ಕೊಟ್ಟೆ. ಅವನು ತಲೆಯಾಡಿಸುತ್ತಾ ಕೇಳಿದ, ಕೈಗಳನ್ನು ಕಂಬಳಿಯೊಳಗೆ ಬಚ್ಚಿಟ್ಟುಕೊಂಡು.

ಹೊಸದುರ್ಗದ ಹತ್ತಿರ ಬೇರಿನ ಔಷಧಿ ಕೊಡುವ ಮುದುಕನೊಬ್ಬನಿದ್ದ. ಅಲ್ಲಿಗೆ ಅಣ್ಣನನ್ನು ಕರೆದುಕೊಂಡು ಹೊರಟಾಗ, ಬಸ್ಸಿನಲ್ಲಿ ಕಂಬಳಿ ಹೊತ್ತು ಬರಬೇಡ ಎಂದೆ. ಕಾಲೇಜಿನ ಗೆಳೆಯರು ಯಾರಾದರೂ ಸಿಕ್ಕಿಯಾರೆಂದು ನಾಚಿಕೆ. ಆ ಇಡೀ ವರ್ಷದಲ್ಲಿ ನಾನು ಅಣ್ಣನಿಗೆ ಮಾಡಿದ ಒಂದೇ ಸರಿಯಾದ ಚಿಕಿತ್ಸೆ ಅದು. ನಾಲ್ಕು ದಿನ ಅಲ್ಲಿದ್ದೆವು, ನಡುಕ ಅರ್ಧಕ್ಕಿಳಿಯಿತು. ಕೀರ್ತಿ ಬೇರಿಗೆ ಹೋಯಿತು. ಊರಿಗೆ ಬಂದು, ಮುದುಕ ಹೇಳಿದಂತೆ ಅಣ್ಣ ಬೆಚ್ಚಗೆ ಹೊದ್ದು ಮಲಗಿದ. ವಾರದಲ್ಲಿ ನಡುಕ ತಿರುಗಿ ಬಂತು. ಪಥ್ಯ ಮುರಿದಿರಬೇಕು ಎಂದರು ಎಲ್ಲರೂ. ನಾನೂ ಎಂದೆ.

ಮುಂಗಾರಿನ ಸೋನೆ ಹಿಡಿದ ದಿನ ಅದು. ಅಣ್ಣ ಬೆಳಗಿನಿಂದ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲಿಂದ ಹೊದ್ದು ಕುರಿಗಳ ಜೊತೆ ನೆನೆಯುತ್ತಿದ್ದ. ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದೆ. ಅವನು ಬಂಡೆಗೆ ಒರಗಿ ಕೂತಿದ್ದ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ತೋಳಿನ ಮಾಂಸ ಚರ್ಮದೊಳಗೆ ಹುಳ ಹರಿದ ಹಾಗೆ ಅದುರುತ್ತಿತ್ತು. "ಮಂಜು ಮಂಜಾಗ್ ಕಾಣ್ತೈತೆ ಕಣೋ, ನೀನೇನಾ?" ಎಂದ. ಮೈಯೆಲ್ಲ ನೀರು, ಮಳೆಯದೋ ಬೆವರೋ ತಿಳಿಯಲಿಲ್ಲ. ಚಳಿಜ್ವರ ಎಂದುಕೊಂಡೆ. ಜಾರಿ ಬಿದ್ದಿದ್ದ ಕಂಬಳಿಯನ್ನು ಎತ್ತಿ, ಅವನ ಸುತ್ತ ಬಿಗಿಯಾಗಿ ಸುತ್ತಿ, ಗದ್ದದ ಕೆಳಗೆ ಅಂಚು ಸಿಕ್ಕಿಸಿದೆ.

ಇದನ್ನು ಬರೆಯುವಾಗಲೂ ಆ ಒದ್ದೆ ಅಂಚು ನನ್ನ ಬೆರಳಿಗೆ ತಾಗುತ್ತದೆ. ಎಷ್ಟೋ ಸಲ ಮನಸ್ಸಿನಲ್ಲಿ ಆ ಬಂಡೆಯ ಹತ್ತಿರ ಹೋಗಿ ಅದನ್ನು ಬಿಚ್ಚಿ ಎಸೆದಿದ್ದೇನೆ. ಆವತ್ತು ಮಾತ್ರ ಬಿಗಿದೆ.

ಯಾರದೋ ಟ್ರ್ಯಾಕ್ಟರಿನಲ್ಲಿ ರಸ್ತೆಗೆ, ಅಲ್ಲಿಂದ ಲಾರಿಯಲ್ಲಿ ಚಿತ್ರದುರ್ಗಕ್ಕೆ. ನನ್ನ ಕೂಗಿಗೆ ಓಡಿ ಬಂದಿದ್ದ ಅಪ್ಪ ದಾರಿಯುದ್ದಕ್ಕೂ ಅವನನ್ನು ಅಪ್ಪಿ ಕೂತಿದ್ದ, ಕಂಬಳಿಯ ಸಮೇತ. ಅಣ್ಣನ ಉಸಿರು ಕೆಸರಲ್ಲಿ ಕಾಲು ಕೀಳುವ ಸದ್ದು ಮಾಡುತ್ತಿತ್ತು. ಆಸ್ಪತ್ರೆಯಲ್ಲಿದ್ದ ವೈದ್ಯೆಗೆ ನನಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ರೆಪ್ಪೆ ಎತ್ತಿ ಟಾರ್ಚು ಬಿಟ್ಟರು. ಕಣ್ಣಿನ ಪಾಪೆ ಗುಂಡುಸೂಜಿಯ ತಲೆಯಷ್ಟಾಗಿತ್ತು. ಬಗ್ಗಿ ಕಂಬಳಿಯನ್ನು ಮೂಸಿ ನೋಡಿದರು.

"ಹೊಲಕ್ಕೆ ಏನು ಹೊಡೆದ್ರಿ?"

"ನಮ್ದು ಹೊಲ ಇಲ್ಲ ತಾಯಿ, ಕುರಿ," ಎಂದ ಅಪ್ಪ.

"ಕುರಿಗೆ ಏನು ಹಾಕಿದ್ರಿ?"

ಇಷ್ಟು ದಿನ ಯಾರೂ ಕೇಳದ ಪ್ರಶ್ನೆ. ಅಪ್ಪ ನನ್ನ ಕಡೆ ನೋಡಿದ. ನಾನು ಔಷಧಿಯ ಹೆಸರು ಹೇಳಿದೆ; ಎಷ್ಟು ನೀರಿಗೆ ಎಷ್ಟು ಎಂದೂ ಹೇಳಿದೆ, ಪರೀಕ್ಷೆಯಲ್ಲಿ ಉತ್ತರ ಒಪ್ಪಿಸುವ ಹಾಗೆ.

"ಕಲಸಿದ್ದು ಯಾರು?"

"ನಾನು."

"ಓದಿದೀರಾ?"

"ಬಿಎಸ್ಸಿ. ಕೆಮಿಸ್ಟ್ರಿ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೂಜಿಗೆ ಔಷಧಿ ಎಳೆಯುತ್ತಾ, "ಮೊದಲು ಆ ಕಂಬಳಿ ಕಿತ್ತು ಹೊರಗೆ ಹಾಕಿ" ಎಂದರು.

"ಕಂಬ್ಳಿಗೆ ಮೈಲ್ಗೆ ಇಲ್ಲಮ್ಮ," ಎಂದ ಅಪ್ಪ, ವಿನಯದಿಂದ, ತಿಳಿಯದವರಿಗೆ ತಿಳಿಸುವ ಹಾಗೆ.

"ಮೈಲಿಗೆ ಅಲ್ಲಪ್ಪ. ವಿಷ. ನಿಮ್ಮ ಮಗ ಅದನ್ನೇ ಹೊದ್ದುಕೊಂಡು ಮಲಗ್ತಿದಾನೆ. ಇವತ್ತು ಮಳೆಗೆ ನೆನೆದು ಮೈಗೆಲ್ಲ ಇಳಿದಿದೆ."

ನಾನೇ ಎಳೆದು ತೆಗೆದೆ. ಸೋಪು ಹಾಕಿ ಅಣ್ಣನ ಮೈ, ತಲೆ ತೊಳೆದೆವು. ಅಪ್ಪನ ಕೈಗಳನ್ನೂ ತೊಳೆಸಿದರು. ಸೂಜಿಯ ಮೇಲೆ ಸೂಜಿ. ಸಂಜೆಯ ಹೊತ್ತಿಗೆ ಜೊಲ್ಲು ನಿಂತಿತು, ಪಾಪೆ ಅಗಲವಾಯಿತು. ಅಣ್ಣ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಕುರಿ ಹೊಡ್ಕಂಡ್ ಬಂದ್ರಾ?" ಎಂದು. ಎರಡನೆಯದು ಕೇಳಲಿಲ್ಲ, ಕೈಗಳನ್ನು ಮುಖದ ಮುಂದೆ ಹಿಡಿದು ನೋಡಿಕೊಂಡ. ಅವು ಇನ್ನೂ ನಡುಗುತ್ತಿದ್ದವು.

"ಹೋಗತ್ತಾ ಮೇಡಂ?" ಎಂದು ಕೇಳಿದೆ.

"ಹೋಗಬೇಕು," ಎಂದರು. ಹೋಗುತ್ತದೆ ಎನ್ನಲಿಲ್ಲ.

ಊರಿನಲ್ಲಿ ಕಂಬಳಿಯ ವಿಷಯ ಯಾರೂ ಪೂರ್ತಿ ನಂಬಲಿಲ್ಲ. ಟೀ ಬಿಟ್ಟದ್ದರಿಂದ ಬದುಕಿದ ಎಂದು ಟೀಯವರು, ಬೇರಿನ ಗುಣ ತಡವಾಗಿ ಹತ್ತಿತು ಎಂದು ಬೇರಿನವರು. ಮಾವ ಮಾತ್ರ ಹುಡುಗಿ ಹುಡುಕುವುದನ್ನು ನಿಲ್ಲಿಸಲಿಲ್ಲ. ಅಪ್ಪ ಕಂಬಳಿಯನ್ನು ಊರಾಚೆ ಆಳವಾಗಿ ಹೂತು ಬಂದ. ಅದಕ್ಕೆ ಮೊದಲು ಕೈ ಮುಗಿದನಂತೆ.

ಮಳೆಗಾಲ ಕಳೆದು ಉಣ್ಣೆ ಕತ್ತರಿಸುವ ದಿನ ಬಂತು. ಕುರಿಗಳನ್ನು ಕೆರೆಯಲ್ಲಿ ತೊಳೆದು ಒಣಗಿಸಿದ್ದರು. ತಮ್ಮ ಮಂದೆಗಳೊಂದಿಗೆ ಬಂದಿದ್ದ ಕತ್ತರಿಯವರು ಅಣ್ಣನಿಗೆ ಜಾಗ ಬಿಟ್ಟರು, ಆದರೆ ತಮ್ಮ ಕುರಿ ಯಾವುದನ್ನೂ ಅವನ ಕಡೆ ತಳ್ಳಲಿಲ್ಲ. ಅಣ್ಣ ನಮ್ಮದೇ ಮಂದೆಯ ಒಂದು ಕುರಿಯನ್ನು ಕೆಡವಿದ.

"ಕಾಲ್ ಹಿಡ್ಕಳಲೇ," ಎಂದ ನನಗೆ.

ಹಿಡಿದೆ. ಕತ್ತರಿ ಎತ್ತಿದಾಗ ಅದರ ತುದಿ ಗಾಳಿಯಲ್ಲಿ ಸಣ್ಣಗೆ ಅಲುಗಿತು. ಸುತ್ತಲಿನ ಕತ್ತರಿಗಳ ಸದ್ದು ಕಡಿಮೆಯಾಯಿತು. ಅವನು ಎಡಗೈಯಿಂದ ಉಣ್ಣೆಯನ್ನು ಬಿಗಿಯಾಗಿ ಹಿಡಿದು, ಬಲಗೈಯ ಮಣಿಕಟ್ಟನ್ನು ಕುರಿಯ ಪಕ್ಕೆಗೆ ಒತ್ತಿ ಊರಿದ. ಹಿಂದೆಂದೂ ಅವನು ಹಾಗೆ ಊರುತ್ತಿರಲಿಲ್ಲ. ಕತ್ತರಿ ಓಡಿತು, ನಿಧಾನವಾಗಿ, ಹೊಸಬನ ಕತ್ತರಿಯ ಹಾಗೆ. ಉಣ್ಣೆ ಒಂದೇ ಹಚ್ಚಡವಾಗಿ ಬರಲಿಲ್ಲ, ಮೂರು ತುಂಡಾಗಿ ಬಂತು, ಕುರಿಯ ಮೈಮೇಲೆ ಅಲ್ಲಲ್ಲಿ ಗುಪ್ಪೆ ಉಳಿಯಿತು. ಬೋಳಾದ ಚರ್ಮದ ಮೇಲೆ ಅಂಗುಲ ಅಂಗುಲ ಹುಡುಕಿದೆ. ಗಾಯವಿರಲಿಲ್ಲ.

ಪಕ್ಕದ ಕತ್ತರಿಯವನು ಇಣುಕಿ ನೋಡಿ, "ಪರ್ವಾಗಿಲ್ಲ ಬಿಡು, ಕುರಿ ಚಳಿ ತಡ್ಕಂತೈತೆ" ಎಂದು ನಕ್ಕ. ಅಣ್ಣನೂ ನಕ್ಕ. ಆ ಮನುಷ್ಯ ಸ್ವಲ್ಪ ಹೊತ್ತು ಬಿಟ್ಟು ತನ್ನದೊಂದು ಮುದಿ ಕುರಿಯನ್ನು ಕಾಲಿನಿಂದ ನಮ್ಮ ಕಡೆ ತಳ್ಳಿದ.