ಬಸವಲಿಂಗಪ್ಪನವರು ತುಂಬಿದ ಕಲಂ

ಬಸವಲಿಂಗಪ್ಪನವರು ಯಾವ ವೆಬ್ ಪುಟ ತೆರೆದರೂ ಮೊದಲು ನೋಡುತ್ತಿದ್ದುದು ಅದರ ಹಿಂಬದಿಯನ್ನು. ಕನ್ನಡಕ ಹಣೆಗೇರಿಸಿ, ಒಳಗಿನ ಕೋಡ್ ತೆರೆದು, ಶೀರ್ಷಿಕೆ, ವಿಷಯ, ಬರೆದವರು, ದಿನಾಂಕ ಎಂಬ ಕಲಂಗಳು ತುಂಬಿವೆಯೇ ಎಂದು ಓದುತ್ತಿದ್ದರು. "ಮುಂದಿರೋದು ಜನಕ್ಕೆ, ಇದು ಯಂತ್ರಕ್ಕೆ ಕಣಮ್ಮ. ಇಲ್ಲಿ ಬರೀದೆ ಬುಟ್ರೆ ಹುಡುಕೋ ಯಂತ್ರಕ್ಕೆ ಕನಸು ಬೀಳುತ್ತಾ?"

ಗ್ರಂಥಾಲಯದಲ್ಲಿ ಪುಸ್ತಕಗಳ ಕಾರ್ಡು ಬರೆದು ನಿವೃತ್ತರಾದವರು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಪ್ರಥಮ ಚಿಕಿತ್ಸೆಯ ವೆಬ್‌ಸೈಟ್ ಮಾಡುತ್ತಿದ್ದ ಚಾಮರಾಜಪುರಂನ ನಮ್ಮ ಪುಟ್ಟ ಕಚೇರಿಗೆ ಲಕ್ಷ್ಮೀಪುರಂನಿಂದ ನಡೆದೇ ಬರುತ್ತಿದ್ದರು. ನಾನು ಬಿ.ಎಸ್ಸಿ. ಮುಗಿಸಿ ಆಗಷ್ಟೇ ಸೇರಿದ್ದೆ. ಹಳೆಯ ಪುಟ ಅಳಿಸಲು ಅವರು ಬಿಡುತ್ತಿರಲಿಲ್ಲ. ಬೇರೆ ಸೈಟಿನವರು ಅದಕ್ಕೆ ಕೊಂಡಿ ಕೊಟ್ಟಿರುತ್ತಾರಂತೆ. ಅದರ ಹಿಂಬದಿಯಲ್ಲಿ 'ರದ್ದಾಗಿದೆ, ಬದಲಿಗೆ ಈ ಪುಟ' ಎಂಬ ಕಲಂ ತುಂಬಬೇಕು. ಆಗ ನಮ್ಮ ಸೈಟಿನಲ್ಲಿ ಹುಡುಕಿದವರಿಗೆ ಹೊಸದು ಮೇಲೆ ಬರುತ್ತಿತ್ತು, ಹಳೆಯದರ ಪಕ್ಕ 'ರದ್ದು' ಎಂದು ಕೆಂಪಕ್ಷರ ಬೀಳುತ್ತಿತ್ತು.

"ಯಾರೂ ನೋಡದ ಕಲಂಗೆ ಅರ್ಧ ದಿನವಾ ಸಾರ್?" ಎಂದು ಗೊಣಗಿ ನಾನು ಎಷ್ಟನ್ನೋ ಖಾಲಿ ಬಿಟ್ಟಿದ್ದೆ.

ಒಂದು ಮಧ್ಯಾಹ್ನ ಕಚೇರಿ ಗುಡಿಸುತ್ತಿದ್ದ ಪುಟ್ಟಮ್ಮ, ಸ್ಟವ್‌ಗೆಂದು ಬಾಟಲಿಯಲ್ಲಿಟ್ಟಿದ್ದ ಸೀಮೆಎಣ್ಣೆಯನ್ನು ನೀರೆಂದು ಗುಟುಕರಿಸಿಬಿಟ್ಟಳು. ನಾನು ಓಡಿ ಉಪ್ಪುನೀರು ಕಲಸಿ ಲೋಟವನ್ನು ಅವಳ ತುಟಿಗೆ ಹಿಡಿದೆ. ಅಷ್ಟರಲ್ಲಿ ಬಸವಲಿಂಗಪ್ಪನವರು ಕಂಪ್ಯೂಟರಿನಲ್ಲಿ 'ಸೀಮೆಎಣ್ಣೆ' ಎಂದು ಹುಡುಕಿದ್ದರು.

"ಕುಡಿಸಬೇಡ. ಲೋಟ ಕೆಳಗಿಡು."

"ವಾಂತಿ ಮಾಡಿಸ್ಬೇಕು ಅಂತ ಇದೆ ಸಾರ್, ನಾನೇ ಟೈಪ್ ಮಾಡಿದ್ದು."

"ಅದು ರದ್ದಾಗಿದೆ ಕಣಮ್ಮ, ಕೆಂಪಕ್ಷರ ನೋಡು. ವಾಂತಿ ಆದ್ರೆ ಎಣ್ಣೆ ಶ್ವಾಸಕೋಶಕ್ಕೆ ನುಗ್ತದೆ. ಆಟೋ ಕರಿ."

"ನನ್ ಸಲುವಾಗಿ ಜಗಳ ಆಡ್ಬೇಡ್ರವ್ವ," ಎಂದಳು ಪುಟ್ಟಮ್ಮ, ಕೆಮ್ಮುತ್ತಲೇ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ವಾಂತಿ ಮಾಡಿಸಿಲ್ಲ ತಾನೆ?" ಮೂರನೇ ದಿನ ಅವಳು ಮನೆಗೆ ಹೋದಳು. ನನಗೆ ಇಂದಿಗೂ, ಯಾರಿಗಾದರೂ ನೀರು ಕೊಡುವಾಗ, ಆ ಲೋಟದ ಅಂಚು ಅವಳ ಹಲ್ಲಿಗೆ ತಾಗಿದ ಸದ್ದು ಕೇಳುತ್ತದೆ.

ಕೆಲವು ವರ್ಷಗಳ ನಂತರ ಬಸವಲಿಂಗಪ್ಪನವರು ಹಾಸಿಗೆ ಹಿಡಿದಾಗ ನೋಡಲು ಹೋಗಿ, ಸೀಮೆಎಣ್ಣೆಯ ಹಳೆಯ ಪುಟದ 'ರದ್ದಾಗಿದೆ' ಕಲಂ ನಾನು ಖಾಲಿ ಬಿಟ್ಟಿದ್ದೆ ಎಂದು ಒಪ್ಪಿಕೊಂಡೆ.

"ಗೊತ್ತು. ನೀನು ಬುಟ್ಟಿದ್ದನ್ನೆಲ್ಲ ನಾನು ತುಂಬ್ತಿದ್ದೆ," ಎಂದು ನಕ್ಕರು. "ನಾನು ಬುಟ್ಟಿರೋದನ್ನ ಯಾರೂ ನೋಡಿಲ್ಲ. ನೀನು ಒಂದ್ಸಲ ನೋಡ್ಬುಡು."

ಎಲ್ಲ ಪುಟಗಳನ್ನೂ ನೋಡಿ ಮುಗಿಸಲು ಮೂರು ವಾರ ಹಿಡಿಯಿತು. ಹಾವು ಕಡಿತದ ಹಳೆಯ ಪುಟವೊಂದರಲ್ಲಿ ಆ ಕಲಂ ಖಾಲಿಯಿತ್ತು. ನಾನು ತುಂಬಿದೆ. ಅದನ್ನು ಹೇಳೋಣವೆಂದು ಹೋದಾಗ ಅವರ ಸೊಸೆ ಬಾಗಿಲು ತೆರೆದು, "ನೆನ್ನೆ ಮಾವನೋರ ಹನ್ನೊಂದನೇ ದಿನದ ಕಾರ್ಯ ಮುಗೀತು ಕಣಮ್ಮ," ಎಂದರು.