ಹಿತ್ತಲಲ್ಲಿ ಬೆಳೆದದ್ದು ನನಗಲ್ಲ

ನಮ್ಮ ಹಿತ್ತಲಲ್ಲಿ ಬೆಳೆಯುವ ಹೆಚ್ಚಿನದನ್ನು ನಾನು ತಿನ್ನುವ ಹಾಗಿಲ್ಲ ಎಂದು ಗೊತ್ತಾದದ್ದು ಹೋದ ವರ್ಷ, ಮಳೆ ಬಿಟ್ಟ ಮೇಲೆ. ಕುಮಟಾದ ಪಕ್ಕದ ಹೊಳನಗದ್ದೆಯಲ್ಲಿ ನಮ್ಮದು ಸಣ್ಣ ಮನೆ. ಹಿಂದುಗಡೆಯದು ಅತ್ತೆಯ ಹಿತ್ತಲು. ಅಲ್ಲಿ ತೆಂಗು, ಬಾಳೆ, ನುಗ್ಗೆ, ಹರಿವೆ, ಬೇಲಿಯ ಬದಿಗೆ ಕೆಸು, ಬಾವಿಯ ಬಳಿ ಬಸಳೆ ಚಪ್ಪರ. ಗಂಡ ಬೇರೆಯವರ ಆಟೋವನ್ನು ಬಾಡಿಗೆಗೆ ಓಡಿಸುತ್ತಾರೆ. ನಾನು ಕುಮಟಾ ಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಮಗಳು ಕಾಲೇಜಿಗೆ ಹೋಗುತ್ತಾಳೆ. ಅಕ್ಕಿ ರೇಷನ್ನಿನದು, ಮಿಕ್ಕಿದ್ದು ಬಹುಪಾಲು ಹಿತ್ತಲಿನದು. ಹಾಗೆಯೇ ನಮ್ಮ ಸಂಸಾರ ನಡೆದು ಬಂದಿತ್ತು.

ಸಂಜೆಯಾದರೆ ನನ್ನ ಕಾಲು ಬಾತುಕೊಳ್ಳುತ್ತಿತ್ತು. ದಿನವಿಡೀ ನಿಂತು ನಿಂತು ಹೀಗಾಗಿದೆ ಎಂದು ಸುಮ್ಮನಿದ್ದೆ. ಮುಖವೂ ಊದಿಕೊಂಡಾಗ ಮಗಳು ಕೇಳಲಿಲ್ಲ, ಹೊನ್ನಾವರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಡಾಕ್ಟರು ನನ್ನದೇ ಪ್ರಾಯದ ಹೆಂಗಸು.

"ಕಿಡ್ನಿ ಅರ್ಧಕ್ಕಿಂತ ಕಮ್ಮಿ ಕೆಲಸ ಮಾಡ್ತಾ ಇದೆ. ಸದ್ಯ ಡಯಾಲಿಸಿಸ್ ಏನೂ ಬೇಡ. ಆದರೆ ಊಟದಲ್ಲಿ ಕಟ್ಟುನಿಟ್ಟು ಬೇಕು" ಎಂದರು. ಉಪ್ಪು ಕಡಿಮೆ, ಒಣಮೀನು ಬೇಡ, ಉಪ್ಪಿನಕಾಯಿ ಬೇಡ. ಇಷ್ಟಕ್ಕೆ ನಾನು ತಲೆಯಾಡಿಸಿದೆ. ರಕ್ತದಲ್ಲಿ ಪೊಟ್ಯಾಸಿಯಂ ಜಾಸ್ತಿ ಇದೆ, ಸೊಪ್ಪು ಬೇಡ, ಬಾಳೆಹಣ್ಣು, ಬಾಳೆಕಾಯಿ ಬೇಡ, ಗೆಡ್ಡೆಗೆಣಸು ಬೇಡ ಎಂದರು. ಕೊನೆಗೆ, "ತೆಂಗಿನಕಾಯಿ ಬಿಡಬೇಕು. ಎಳನೀರಂತೂ ಬಾಯಿಗೂ ಹಾಕಬೇಡಿ."

ನನಗೆ ನಗು ಬಂತು. ಡಾಕ್ಟರು ನಗಲಿಲ್ಲ. ಕೋಸು, ಹೀರೇಕಾಯಿ, ಸೋರೆಕಾಯಿ ತಿನ್ನಬಹುದು, ಅದನ್ನೂ ಹೆಚ್ಚಿ ನೀರಿನಲ್ಲಿ ನೆನೆಸಿ, ಕುದಿಸಿ, ನೀರು ಚೆಲ್ಲಿ. ಹಣ್ಣಾದರೆ ಸೇಬು. ಕೋಳಿಮೊಟ್ಟೆಯ ಬಿಳಿ ಭಾಗ. ಬಿಳಿ ಅಕ್ಕಿಯ ಅನ್ನ. ಅವರು ಹೇಳಿದ್ದರಲ್ಲಿ ನಮ್ಮ ಮನೆಯಲ್ಲಿ ಇದ್ದದ್ದು ಅಕ್ಕಿಯೊಂದೇ. ಪುಕ್ಕಟೆ ಸಿಗುವುದೆಲ್ಲ ನನಗೆ ಬೇಡವಾದದ್ದು, ಬೇಕಾದದ್ದೆಲ್ಲ ಘಟ್ಟದ ಮೇಲಿನಿಂದ ಲಾರಿಯಲ್ಲಿ ಬಂದು ಪೇಟೆಯ ಅಂಗಡಿಯಲ್ಲಿ ಕೂತದ್ದು.

ಅತ್ತೆಗೆ ಇದನ್ನು ಹೇಳುವುದೇ ಕಷ್ಟವಾಯಿತು.

"ಎಳನೀರು ಬ್ಯಾಡ ಹೇಳ್ರಾ? ಅದೆಂತ ಡಾಕ್ಟರು ಮಾರಾಯ್ತಿ! ಹೆತ್ತ ಮಕ್ಕಳಿಗೂ ಅದೇ, ಸಾಯೂ ಮುದುಕರಿಗೂ ಅದೇ ಕುಡಿಸೂದು ನಾವು."

"ನಂಗೆ ಆಗೂದಿಲ್ಲ ಅಂಬ್ರು ಅತ್ತೆ."

"ಬಸಳೆ?"

"ಅದೂ ಆಗೂದಿಲ್ಲ."

ಅವರು ಹಿತ್ತಲ ಬಾಗಿಲಲ್ಲಿ ನಿಂತು ಚಪ್ಪರದ ಕಡೆ ನೋಡಿದರು. ತಾವು ಸಾಕಿದ್ದನ್ನು ಯಾರೋ ಬೈದ ಹಾಗೆ ಅವರ ಮುಖವಾಗಿತ್ತು.

ಮನೆಯಲ್ಲಿ ಎರಡು ಅಡುಗೆ ಶುರುವಾಯಿತು. ಎರಡನ್ನೂ ಮಾಡುವವಳು ನಾನೇ. ಬೆಳಿಗ್ಗೆ ಕಾಯಿ ಅರೆದು, ಬಂಗುಡೆಯ ಸಾರು ಕುದಿಸಿ, ಉಪ್ಪು ಸರಿಯಾಗಿದೆಯಾ ಎಂದು ಮಗಳ ಅಂಗೈಗೆ ಹಾಕಿ ಕೇಳುತ್ತಿದ್ದೆ. ಗ್ಯಾಸ್ ಉಳಿಸಲು ನನ್ನ ತರಕಾರಿಯನ್ನು ಅಂಗಳದ ಕಟ್ಟಿಗೆ ಒಲೆಯ ಮೇಲೆ ಬೇಯಿಸುತ್ತಿದ್ದೆ. ನೀರು ಚೆಲ್ಲಿದ ಮೇಲೆ ಕೋಸಿಗೆ ಕೋಸಿನ ಬಣ್ಣವೂ ಇರುತ್ತಿರಲಿಲ್ಲ. ಮೊಟ್ಟೆ ಬೇಯಿಸಿದ ದಿನ ಬಿಳಿ ನನಗೆ, ಹಳದಿ ಮಗಳಿಗೆ. ಸೇಬು ತಂದರೆ ಒಂದೇ ತರುತ್ತಿದ್ದೆವು. ಅದನ್ನು ಮೂವರ ಎದುರಿಗೆ ಒಬ್ಬಳೇ ತಿನ್ನುವುದು ಹೇಗೆ? ಹೋಳು ಮಾಡಿ ಎಲ್ಲರ ಕೈಗಿಟ್ಟರೆ ಎಲ್ಲರೂ ನನ್ನ ತಟ್ಟೆಗೇ ವಾಪಸು ಹಾಕುತ್ತಿದ್ದರು. ಕೊನೆಗೆ ತರುವುದನ್ನೇ ನಿಲ್ಲಿಸಿದೆ.

ಅಂಗಡಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಕಾಯಿಲೆಯವಳು ಎಂದರೆ ನಾಳೆಯಿಂದ ಬರಬೇಡ ಎಂದಾರು ಎಂಬ ಹೆದರಿಕೆ. ಮಧ್ಯಾಹ್ನ ನಾವು ಕೆಲಸದ ಹೆಂಗಸರು ಹಿಂದಿನ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಒಬ್ಬರದನ್ನು ಒಬ್ಬರು ಹಂಚಿಕೊಂಡು ಉಣ್ಣುತ್ತಿದ್ದೆವು. ಒಬ್ಬಳ ಮೀನಿನ ಸುಕ್ಕ, ಇನ್ನೊಬ್ಬಳ ಬೆಳಚಿನ ಪಲ್ಯ, ಅಘನಾಶಿನಿ ಹೊಳೆಯಲ್ಲಿ ಹೆಕ್ಕಿ ಅವಳ ತಾಯಿ ಚಿಪ್ಪು ಬಿಡಿಸಿ ಕಳಿಸಿದ್ದು. ನಾನು ಇವತ್ತು ಸೋಮವಾರ, ಇವತ್ತು ಶನಿವಾರ, ಇವತ್ತು ಸಂಕಷ್ಟಿ ಎಂದು ಹೇಳಿಕೊಂಡು ಬಂದೆ. "ನಿಂಗೆ ಎಂತ ಇಷ್ಟು ಭಕ್ತಿ ಬಂತೇ!" ಎಂದು ನಗುತ್ತಿದ್ದರು. ಆಮೇಲೆ ನಾನು ಊಟದ ಹೊತ್ತಿಗೆ ಎಂತಾದರೂ ಕೆಲಸ ಹಿಡಿದುಕೊಂಡು ಕೌಂಟರಿನಲ್ಲೇ ಉಳಿಯತೊಡಗಿದೆ.

ತವರಿಗೂ ಹೋಗಲಿಲ್ಲ. ನನ್ನ ತವರು ಭಟ್ಕಳದ ಹೆಬಳೆ. ಅಣ್ಣ ಕಟ್ಟಿಸಿದ ಹೊಸ ಮನೆಯ ಒಕ್ಕಲು ಇತ್ತು. ಅತ್ತಿಗೆ ಎಷ್ಟೋ ಸಲ ಫೋನ್ ಮಾಡಿದಳು. "ಬಂದು ಕೂತ್ಕೊ ಸಾಕು, ನಿಂಗೆ ಬೇಕಾದ್ದು ಮಾಡಿ ಹಾಕ್ತೆ" ಎಂದಳು. ನನಗೆ ಬೇಕಾದ್ದು ಎಂದರೆ ಪೇಟೆಯಿಂದ ತರಿಸಿ, ಎರಡು ಸಲ ಕುದಿಸಿ, ಉಪ್ಪಿಲ್ಲದೆ ಬೇರೆ ಪಾತ್ರೆಯಲ್ಲಿ ಇಡಬೇಕಾದ್ದು. ಅಷ್ಟು ಜನರ ನಡುವೆ ಅವಳಿಗೆ ಅದನ್ನು ಹೇರಲು ಮನಸ್ಸು ಬರಲಿಲ್ಲ. ಜ್ವರ ಎಂದೆ.

ದಿನ ಕಳೆದ ಹಾಗೆ ನನಗೆ ಎಲ್ಲದರ ಮೇಲೂ ಅನುಮಾನ ಬಂತು. ಇದು ಆಗುತ್ತದೋ ಇಲ್ಲವೋ ಎಂದು ಗೊತ್ತಿಲ್ಲದ್ದನ್ನು ಬಿಟ್ಟೆ. ಆಗುತ್ತದೆ ಎಂದು ಗೊತ್ತಿದ್ದದ್ದನ್ನು ದುಬಾರಿ ಎಂದು ಬಿಟ್ಟೆ. ಉಳಿದದ್ದು ಅನ್ನ, ಅದರ ಗಂಜಿ, ಒಂದಿಷ್ಟು ಸೋರೆಕಾಯಿ. ರವಕೆಗಳು ಸಡಿಲವಾದವು. ಕಾಲಿನ ಬಾವು ಇಳಿದಿದ್ದರಿಂದ ಗುಣವಾಗುತ್ತಿದೆ ಎಂದೇ ಎಲ್ಲರೂ ತಿಳಿದರು. ನಾನೂ ಹಾಗೇ ತಿಳಿಯಲು ನೋಡಿದೆ.

ಬೇಸಿಗೆಯಲ್ಲಿ ಮದುವೆಯ ಗಿರಾಕಿಗಳು ಹೆಚ್ಚು. ಒಂದು ದಿನ ಹೊನ್ನಾವರ ಕಡೆಯಿಂದ ಒಂದು ದೊಡ್ಡ ಕುಟುಂಬ ಬಂದಿತ್ತು. ಧಾರೆ ಸೀರೆಗಾಗಿ ಮೇಲಿನ ಕಪಾಟಿನಿಂದ ಒಂದೊಂದೇ ಇಳಿಸಿ ಬಿಡಿಸುತ್ತಿದ್ದೆ. ಮದುಮಗಳ ತಾಯಿ, "ಆ ನೇರಳೆ ಬಣ್ಣದ್ದು ತೋರಿಸು ತಂಗಿ" ಎಂದರು. ಕೈ ಎತ್ತಿದ್ದು ನೆನಪಿದೆ. ಆಮೇಲೆ ನಾನು ಬಿಡಿಸಿಟ್ಟ ಸೀರೆಗಳ ರಾಶಿಯ ಮೇಲೆ ಬಿದ್ದಿದ್ದೆ.

ಕಣ್ಣು ಬಿಟ್ಟಾಗ ನನ್ನ ತಲೆ ಆ ತಾಯಿಯ ತೊಡೆಯ ಮೇಲಿತ್ತು. ಯಾರೋ ಗಾಳಿ ಹಾಕುತ್ತಿದ್ದರು. ಯಾರೋ ರಸ್ತೆಯಾಚೆಯ ಗಾಡಿಯಿಂದ ಎಳನೀರು ಕೆತ್ತಿಸಿಕೊಂಡು ಓಡಿ ಬಂದಿದ್ದರು. "ಬಾಯಿ ಬಿಡು ತಂಗಿ, ಒಂದು ಗುಟುಕು" ಎಂದು ಆ ತಾಯಿ ಸ್ಟ್ರಾವನ್ನು ತುಟಿಗೆ ಇಟ್ಟರು. ನಾನು ತುಟಿ ಬಿಗಿದೆ. ಬೇಡ ಎಂದು ಹೇಳಲು ಬಾಯಿ ತೆರೆದರೆ ಎಲ್ಲಿ ಸುರಿದುಬಿಡುತ್ತಾರೋ ಎಂದು ಹೆದರಿ ತಲೆಯನ್ನು ಆಚೆ ಈಚೆ ಹೊರಳಿಸಿದೆ. "ಹಲ್ಲು ಕಚ್ಚಿಕೊಂಡಿದ್ದಾಳೆ, ಚಮಚ ತನ್ನಿ!" ಎಂದು ಒಬ್ಬರು ಕೂಗಿದರು. ಅಷ್ಟು ಪ್ರೀತಿಯ ಕೈಗಳು ನನ್ನನ್ನು ಹಿಡಿದುಕೊಂಡಿದ್ದವು. ಅವನ್ನು ಬಿಡಿಸಿಕೊಳ್ಳುವಷ್ಟು ಶಕ್ತಿ ನನಗಿರಲಿಲ್ಲ. ನನ್ನ ಕಣ್ಣಿನಿಂದ ನೀರು ಇಳಿಯಿತು. ಕೊನೆಗೆ ಕೈಯಿಂದ ಬಾಯಿ ಮುಚ್ಚಿಕೊಂಡು ಬೆರಳ ಸಂದಿಯಿಂದಲೇ ಅಂದೆ: "ಕಿಡ್ನಿ."

ತುಟಿಯ ಬಳಿಯಿದ್ದ ಎಳನೀರು ಹಿಂದೆ ಸರಿಯಿತು.

ಗಿರಾಕಿಗಳು ಹೋದ ಮೇಲೆ ಅಂಗಡಿಯ ಸಾಹುಕಾರರು ಒಂದು ಸ್ಟೂಲು ತಂದು ನನ್ನೆದುರು ಕೂತರು. "ಒಂದು ಮಾತು ಹೇಳೂಕೆ ನಿಂಗೆ ಎಂತ ಆಗಿತ್ತು? ನಾವೇ ನಿನ್ನ ಕೊಂದುಬಿಡ್ತಿದ್ವು ಇವತ್ತು!" ಎಂದರು. ಕೆಲಸದಿಂದ ತೆಗೆಯಲಿಲ್ಲ. ಕೌಂಟರ್ ಬಿಡಿಸಿ, ಒಳಗೆ ಕೂತು ಸೀರೆಗೆ ಫಾಲ್ ಹೊಲಿಯುವ ಕೆಲಸ ಕೊಟ್ಟರು. ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸುವುದು ನನಗೆ ಬಹಳ ಇಷ್ಟದ ಕೆಲಸವಾಗಿತ್ತು. ಒಳಗೆ ಒಂದು ಕಿಟಕಿ ಇದೆ, ಅದು ಪಕ್ಕದ ಗೋಡೆಗೆ ತೆರೆಯುತ್ತದೆ.

ಹೊನ್ನಾವರದ ಡಾಕ್ಟರು ತೂಕ ನೋಡಿ ಬೈದರು. "ನಾನು ಊಟ ಬದಲು ಮಾಡಿ ಅಂದದ್ದು. ಉಪವಾಸ ಕೂರಿ ಅಂದೆನಾ? ಅನ್ನಕ್ಕೆ ಎಣ್ಣೆ ಹಾಕ್ಕೊಳ್ಳಿ, ಹೊಟ್ಟೆ ತುಂಬ ತಿನ್ನಿ, ಮೊಟ್ಟೆ ಬಿಡಬೇಡಿ." ದುಡ್ಡಿನ ವಿಷಯ ನಾನು ಹೇಳಲಿಲ್ಲ. ಜೊತೆಗಿದ್ದ ಮಗಳು ಹೇಳಿದಳು. ಅವರು ಬರೆದು ಕೊಟ್ಟ ಚೀಟಿಯನ್ನು ವಾಪಸು ತೆಗೆದುಕೊಂಡರು. ಅದರಿಂದ ಒಂದು ಮಾತ್ರೆ ಕಡಿಮೆ ಮಾಡಿದರು.

ಮನೆಗೆ ಬಂದಾಗ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಮಾರನೇ ದಿನ ನಾನು ಏಳುವ ಮೊದಲೇ ಬಸಳೆ, ಹರಿವೆ ಕೊಯ್ದು ಬಾಳೆನಾರಿನಲ್ಲಿ ಕಟ್ಟು ಕಟ್ಟಿ, ಮಗನ ಆಟೋ ಹತ್ತಿ ಕುಮಟಾಕ್ಕೆ ಹೋಗಿದ್ದರು. ಮೀನು ಪೇಟೆಯ ಹೊರಗೆ ಗೋಣಿ ಹಾಸಿ ಕೂತು ಮಾರಿ, ಮಧ್ಯಾಹ್ನ ಬರುವಾಗ ಬುಟ್ಟಿಯಲ್ಲಿ ಹೀರೇಕಾಯಿ, ಮೊಟ್ಟೆ, ಒಂದು ಸೇಬು ತಂದರು. "ತಿನ್ನು" ಎಂದರು. "ಇದು ನಿಂದೇ. ಹಂಚೂಕೆ ಹೋಗಬೇಡ."

ಅಂದಿನಿಂದ ಅದೇ ರೂಢಿಯಾಯಿತು. ನನ್ನ ತೂಕ ಏರಿತು. ಎಪ್ಪತ್ತು ದಾಟಿದ ಅವರು ಬಿಸಿಲಲ್ಲಿ ಕಪ್ಪಾದರು. "ನಿಲ್ಲಿಸಿ ಅತ್ತೆ" ಎಂದು ಎಷ್ಟು ಸಲ ಹೇಳಿದರೂ, "ನಿಂಗೆಂತ ಆಗೂದು? ಸುಮ್ನೆ ತಿನ್ನು" ಎನ್ನುತ್ತಾರೆ. ಒಂದು ದಿನ ನೂಲು ತರಲು ಹೊರಗೆ ಹೋದವಳು ಅವರನ್ನು ದೂರದಿಂದ ಕಂಡೆ. ಕೊಳ್ಳಲು ಬಂದ ಹೆಂಗಸು, "ಇಷ್ಟು ಚೆಂದದ ಬಸಳೆ, ಮನೇಲಿ ತಿನ್ನೂದಿಲ್ವ ಅಜ್ಜಿ?" ಎಂದು ಕೇಳುತ್ತಿದ್ದಳು. "ನಮ್ಮನೇಲಿ ಯಾರಿಗೂ ಸೇರೂದಿಲ್ಲ" ಎಂದರು ಅತ್ತೆ. ಅವರಷ್ಟು ಆಸೆಯಿಂದ ಬಸಳೆ ತಿನ್ನುವವರನ್ನು ನಾನು ನೋಡಿಲ್ಲ. ಮನೆಯಲ್ಲಿ ಬಸಳೆ ಸಾರು ಮಾಡಿ ಎಷ್ಟೋ ಕಾಲವಾಗಿತ್ತು. ಕೊಯ್ದ ಬಸಳೆಯೆಲ್ಲ ನನ್ನ ಸೇಬಿಗಾಗಿ ಪೇಟೆಗೆ ಹೋಗುತ್ತಿತ್ತು. ನಾನು ಹತ್ತಿರ ಹೋಗದೆ ಬೇರೆ ದಾರಿಯಲ್ಲಿ ಅಂಗಡಿಗೆ ಬಂದೆ. ಅಂದು ಆ ಸೇಬನ್ನು ತಿಂದು ಮುಗಿಸಲು ಬಹಳ ಹೊತ್ತು ಹಿಡಿಯಿತು. ತಿನ್ನದೆ ಇಡಲೂ ಆಗುವುದಿಲ್ಲ, ಅವರು ಎದುರಿಗೇ ಕೂತಿರುತ್ತಾರೆ.

ಮೊನ್ನೆ ಮತ್ತೆ ರಕ್ತ ಪರೀಕ್ಷೆಯಾಯಿತು. ಈ ಸಲ ಗಂಡನೇ ಬಂದಿದ್ದರು. ಕಾಯಿಲೆ ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ. "ಇದೇ ಒಳ್ಳೆಯ ಸುದ್ದಿ. ಹೀಗೇ ಮುಂದುವರಿಸಿ" ಎಂದರು ಡಾಕ್ಟರು. ಎಷ್ಟು ದಿನ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಉತ್ತರ ಗೊತ್ತಿತ್ತು.

ಬರುವಾಗ ಹೆದ್ದಾರಿಯ ಬದಿಯ ಕ್ಯಾಂಟೀನಿನ ಎದುರು ಆಟೋ ನಿಧಾನವಾಯಿತು, ಮತ್ತೆ ಜೋರಾಯಿತು. ಬೆಳಿಗ್ಗೆಯಿಂದ ಇವರು ಚಹಾ ಸಹ ಕುಡಿದಿರಲಿಲ್ಲ.

"ನಿಲ್ಲಿಸಿ. ಎಂತಾದ್ರೂ ತಿನ್ನಿ" ಎಂದೆ.

"ಬ್ಯಾಡ, ಮನೆಗೆ ಹೋಗಿ ಆತು."

"ನಿಲ್ಲಿಸಿ ಅಂದೆ."

ಅವರು ಬಾಳೆಹಣ್ಣಿನ ಬನ್ಸ್ ತೆಗೆದುಕೊಂಡು ಆಟೋದಿಂದ ದೂರ ಹೋಗಿ, ರಸ್ತೆಗೆ ಬೆನ್ನು ಮಾಡಿ ಬೇಗ ಬೇಗ ತಿನ್ನತೊಡಗಿದರು, ಕದ್ದು ತಿನ್ನುವವರ ಹಾಗೆ. ನಾನು ಇಳಿದು ಹೋಗಿ ಪಕ್ಕದಲ್ಲಿ ನಿಂತೆ. ಅವರು ಅಗಿಯುವುದನ್ನು ನಿಲ್ಲಿಸಿದರು.

"ನಿಧಾನ ತಿನ್ನಿ. ಬಿಸಿ ಇದ್ದಾ?" ಎಂದೆ.

"ಇದ್ದು" ಎಂದರು, ಕಣ್ಣೆತ್ತದೆ. ನಾನು ಅವರು ತಿಂದು ಮುಗಿಸುವವರೆಗೆ ಅಲ್ಲೇ ನಿಂತಿದ್ದೆ.