ವಸುಧಾ ಇಳಿಯುವ ತನಕ

ಮೊನ್ನೆ ಬೆಳಿಗ್ಗೆ ಹಾಲು ಕಾಯಿಸಿದೆ. ನಲ್ಲಿ ನೀರು ಬಂದಿತ್ತು, ಡ್ರಮ್ ತುಂಬಿಸಿದೆ. ದೋಸೆಗೆ ನೆನೆಹಾಕಿದೆ. ಒಣಗಿದ ಬಟ್ಟೆ ಮಡಿಸಿದೆ, ಸೊಪ್ಪು ಬಿಡಿಸಿದೆ. ಕಸ ಮಾತ್ರ ಗುಡಿಸಲಿಲ್ಲ.

ಸೋಮಾರಿತನ ಅಂದುಕೊಳ್ಳಬೇಡಿ. ಮನೆಮಂದಿ ಎಲ್ಲಿಗೇ ಹೊರಟರೂ ಕ್ಷೇಮವಾಗಿ ತಲುಪಿದ ಸುದ್ದಿ ಬರುವ ತನಕ ಪೊರಕೆ ಮುಟ್ಟುವ ಹಾಗಿಲ್ಲ. ಅತ್ತೆಯ ಕಾನೂನು. ಹೊರಟವರು ಕಡೂರಿಗೆ ಹೋಗಿದ್ದರೆ ಎಷ್ಟು ಹೊತ್ತಿನ ಮಾತು? ಆದರೆ ಮೊನ್ನೆ ಹೊರಟಿದ್ದವಳು ನನ್ನ ನಾದಿನಿ ವಸುಧಾ. ಹಿಮಾಲಯದ ಒಂದು ಶಿಖರದ ತುದಿಗೆ!

(ಗೊತ್ತಿಲ್ಲದವರಿಗೆ: ವಸುಧಾ ಖಗೋಳ ವಿಜ್ಞಾನಿ. ಅಜ್ಜಂಪುರದ ಈ ಮನೆಯ ತಾರಸಿಯಲ್ಲೇ ಅವಳಿಗೆ ಆಕಾಶದ ಹುಚ್ಚು ಹತ್ತಿದ್ದು. ನಕ್ಷತ್ರಗಳು ಹೇಗೆ ಹುಟ್ಟುತ್ತವೆ ಎಂದು ವರ್ಷವಿಡೀ ತಲೆ ಕೆಡಿಸಿಕೊಳ್ಳುತ್ತಾಳೆ. ರಜೆ ಸಿಕ್ಕರೆ ಹಿಮದ ಬೆಟ್ಟ. "ನೋಡಿದ್ದು ಸಾಲ್ದು ಅಂತ ಮೇಲಕ್ಕೇ ಹೊಂಟ್ಬಿಡ್ತಾಳೆ" ಎನ್ನುವುದು ಅತ್ತೆಯ ದೂರು.)

ಬೆಳಿಗ್ಗೆ ಕೆಳಗಿನ ಕ್ಯಾಂಪಿನಿಂದ ಮೆಸೇಜ್ ಬಂದಿತ್ತು. ನಸುಕಿಗೇ ತುದಿಯತ್ತ ಹೊರಟಿದ್ದಾರೆ, ಎಲ್ಲರೂ ಚೆನ್ನಾಗಿದ್ದಾರೆ, ಮಧ್ಯಾಹ್ನ ಇಳಿದು ಬಂದು ಫೋನ್ ಮಾಡುತ್ತಾರೆ.

ಮಧ್ಯಾಹ್ನವಾಯಿತು. ಫೋನಿಲ್ಲ. ನಾವು ಮಾಡಿದರೆ ಲೈನ್ ಸಿಗದು. ತಟ್ಟೆ ಮುಂದಿಟ್ಟರೂ ಅತ್ತೆ ಉಣ್ಣಲಿಲ್ಲ.

"ಚೆನ್ನಾಗವ್ಳೆ ಅಂತ ಬಂದಿತ್ತಲ್ಲೇ, ಇನ್ನೊಂದ್ಸಲ ಓದು" ಅಂದರು.

ಓದಿದೆ. ಓದುತ್ತಲೇ ವಸುಧಾ ಒಮ್ಮೆ ಹೇಳಿದ್ದು ನೆನಪಾಯಿತು. "ನಕ್ಷತ್ರದ ಬೆಳಕು ಹಳೇ ಸುದ್ದಿ ಅತ್ತಿಗೆ. ಅದು ನಮ್ಗೆ ಕಾಣೋ ಹೊತ್ತಿಗೆ ಆ ನಕ್ಷತ್ರ ಇರ್ಬೋದು, ಇಲ್ದೇನೂ ಇರ್ಬೋದು."

ಬೆಳಗಿನ 'ಚೆನ್ನಾಗಿದ್ದಾರೆ' ಈಗಲೂ ನಿಜವೇ? ಅತ್ತೆಗೆ ಹೇಳಲಿಲ್ಲ. ಸೊಪ್ಪು ಬೇಯಲು ಇಟ್ಟೆ.

ಇಳಿಹೊತ್ತಿಗೆ ನಮ್ಮನೆಯವರು ತರೀಕೆರೆಯಿಂದ ಬಂದರು, ಬೈಕಿನ ಮೇಲೆ ದೊಡ್ಡ ಸುರುಳಿ. ಬಿಚ್ಚಿದರೆ ಫ್ಲೆಕ್ಸ್! 'ಶಿಖರ ಗೆದ್ದ ನಮ್ಮೂರ ಹೆಮ್ಮೆಯ ಮಗಳು.' ಮಗಳ ಫೋಟೋಗಿಂತ ಅಣ್ಣನ ಫೋಟೋ ದೊಡ್ಡದು.

"ಬಸ್ ಸ್ಟ್ಯಾಂಡ್ ಹತ್ರ ಕಟ್ಸಣ ಅಲ್ವಾ?"

"ಅವ್ಳು ಇನ್ನೂ ಇಳಿದಿಲ್ಲ ಕಣೋ!" ಅತ್ತೆ ಅಂದರು. "ಸುತ್ತಿಡು ಅದನ್ನ."

ನಮ್ಮನೆಯವರು ಫ್ಲೆಕ್ಸ್ ಸುತ್ತಿ ಮೂಲೆಗಿಟ್ಟು ಗೇಟಿನ ಬಳಿ ನಿಂತರು. ಅದೇ ನಂಬರು, ಮತ್ತೆ ಮತ್ತೆ.

ದೀಪ ಹಚ್ಚಿದ ಮೇಲೆ ನನ್ನ ಫೋನ್ ಹೊಡೆದುಕೊಂಡಿತು.

"ಅತ್ತಿಗೆ... ಇಳಿದ್ವಿ." ಗಂಟಲು ಒಡೆದಿತ್ತು. ಆದರೂ ಅವಳದೇ ದನಿ.

ನಮ್ಮನೆಯವರು ಓಡಿಬಂದು ಫೋನ್ ಕಿತ್ತುಕೊಂಡರು. "ತುದಿ ಮುಟ್ದಾ?"

"ಇಲ್ಲ ಕಣಣ್ಣ. ಕಾಣ್ತಿತ್ತು. ಗಾಳಿ ಎದ್ಬಿಡ್ತು, ಜೊತೇಲಿದ್ದೋಳಿಗೆ ಉಸಿರು ಕಟ್ತಿತ್ತು. ಕರ್ಕೊಂಡು ವಾಪಸ್ ಬಂದ್ವಿ. ಅದ್ಕೇ ಲೇಟು."

"ಅಯ್ಯೋ, ಅಷ್ಟು ಹತ್ರ ಹೋಗಿ..."

"ಹತ್ರ ಹೋಗಿದ್ಕೇ ತಿರುಗೋದು ಕಷ್ಟ ಆಗಿದ್ದು, ಅಣ್ಣ."

ಅಷ್ಟರಲ್ಲಿ ಫೋನ್ ಅತ್ತೆಯ ಕೈಗೆ ಹೋಗಿತ್ತು. "ಉಂಡ್ಯೇನೇ?"

ಆಮೇಲೆ ಕಡೂರಿನಿಂದ ಒಬ್ಬರು, ಪಂಚನಹಳ್ಳಿಯಿಂದ ಇನ್ನೊಬ್ಬರು ಫೋನ್ ಮಾಡಿದರು. ಎಲ್ಲರದೂ ಒಂದೇ ಪ್ರಶ್ನೆ: ತುದಿ ಮುಟ್ಟಲಿಲ್ವಂತೆ? ಹತ್ತಿದವರಿಗೆ ಊರ ತುಂಬ ಫ್ಲೆಕ್ಸ್. ತಿಳಿದು ತಿರುಗಿ ಬಂದವರಿಗೆ ಯಾರಾದರೂ ಒಂದನ್ನಾದರೂ ಕಟ್ಟಿಸಿದ್ದು ನೋಡಿದ್ದೀರಾ?

ಕಸ ಹಾಗೇ ಉಳಿಯಿತು. (ದೀಪ ಹಚ್ಚಿದ ಮೇಲೆ ಗುಡಿಸಬಾರದು. ಅದೂ ಅತ್ತೆಯದೇ ಕಾನೂನು.) ಮುದ್ದೆ, ಬಸ್ಸಾರು ಉಂಡೆವು. ಮೊದಲು ಮಲಗಿದವರು ಅತ್ತೆ. ಮಗಳು ತುದಿ ಮುಟ್ಟಿದಳೋ ಇಲ್ಲವೋ, ಅವರು ಕೇಳಲೇ ಇಲ್ಲ.